ಸೂಜಿ ಹಿಡಿದ ಕೈ, ಕೈಯ ಹಿಂದಿನ ಮನಸ್ಸು

(ಅಂತರರಾಷ್ಟ್ರೀಯ ದಾದಿಯರ ದಿನದ ಅಂಗವಾಗಿ ನಮ್ಮ ಸಂಘದ ಮಹಿಳಾ ವೇದಿಕೆ ಪುಣೆಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಆಕೆ ಹುಟ್ಟಿದ್ದು 1820ರಲ್ಲಿ. ಆ ದಿನವನ್ನೇ ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಇಂಥ ಸಭೆಯಲ್ಲಿ ಮಾತಾಡಲು ಒಬ್ಬ ಡಾಕ್ಟರನ್ನೋ ಹಿರಿಯ ಸಿಸ್ಟರನ್ನೋ ಕರೆಯಬೇಕಿತ್ತು. ನಾನು ಎಂ.ಟೆಕ್ ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಸೂಜಿ ಕಂಡರೆ ಮುಖ ತಿರುಗಿಸುವವಳು. ಆದರೂ ನಾನು ಇಲ್ಲಿ ನಿಂತಿರುವುದಕ್ಕೆ ಕಾರಣ, ಮೂರು ವರ್ಷದ ಹಿಂದೆ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಗೆ ನಾನು ಮಾಡಿದ ಒಂದು ತಪ್ಪು. ಅದನ್ನು ಒಮ್ಮೆ ನಮ್ಮ ಕಾರ್ಯದರ್ಶಿಯವರ ಮುಂದೆ ಹೇಳಿಕೊಂಡಿದ್ದೆ. "ಇದನ್ನೇ ಸಭೆಯಲ್ಲಿ ಹೇಳಿ" ಎಂದರು. ಹಾಗಾಗಿ ಇದನ್ನು ಭಾಷಣ ಎನ್ನುವುದಕ್ಕಿಂತ ಒಂದು ತಪ್ಪೊಪ್ಪಿಗೆ ಎಂದೇ ತಿಳಿದುಕೊಳ್ಳಿ.

ನನ್ನ ತಾಯಿ ಗದಗಿನವರು. ಪಿತ್ತಕೋಶದಲ್ಲಿ ಕಲ್ಲಾಗಿ, ಅದಕ್ಕೆ ಸೋಂಕು ತಗಲಿ, ಇಲ್ಲೇ ಪುಣೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವ್ವನಿಗೆ ಹಿಂದಿ ಬಾರದು, ಮರಾಠಿ ಅಷ್ಟಕ್ಕಷ್ಟೆ. ಆಪರೇಷನ್ನಿನ ಮರುದಿನ ಬೆಳಿಗ್ಗೆ ಕೈಯಲ್ಲಿದ್ದ ಸಲೈನ್ ಸೂಜಿ ಕೆಲಸ ಮಾಡದೆ ಹೊಸದು ಹಾಕಬೇಕಾಯಿತು. ಟೀಚರ್ ಪಕ್ಕದಲ್ಲಿ ನಿಂತಿದ್ದರು. ಹಾಕಲು ಬಂದವಳು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿನಿ. ಮೊದಲ ಸಲ ರಕ್ತನಾಳ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಅವ್ವ "ಅಮ್ಮಾ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಕಲಿಯುವುದಿದ್ದರೆ ಬೇರೆ ಯಾರ ಮೇಲಾದರೂ ಕಲಿ, ನಮ್ಮ ತಾಯಿಯ ಮೇಲೆ ಬೇಡ ಎಂದು ಹಿಂದಿಯಲ್ಲಿ ರೇಗಿದೆ. ಅಷ್ಟಕ್ಕೇ ಬಿಡಲಿಲ್ಲ. ಅವ್ವನ ಕಡೆ ತಿರುಗಿ ಕನ್ನಡದಲ್ಲಿ, "ಇಂಥಾಕಿ ಕೈಯಾಗ ಸಿಕ್ರ ಜೀವ ಉಳದಂಗ ನೋಡು" ಎಂದೆ.

ಹೊರನಾಡಿನಲ್ಲಿ ಇರುವ ನಮಗೆಲ್ಲ ಈ ಅಭ್ಯಾಸ ಇದೆ, ಅಲ್ಲವೇ? ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಅಂಗಡಿಯಲ್ಲಿ ಎದುರಿನವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಆಡಿಬಿಡುತ್ತೇವೆ. ಆ ಹುಡುಗಿ ಬಗ್ಗಿಸಿದ ತಲೆ ಎತ್ತದೆ, ಅವ್ವನ ಕೈಗೆ ಹತ್ತಿ ಒತ್ತಿ ಹಿಡಿದು, "ತ್ರಾಸ ಆತೇನ್ರಿ ಅವ್ವಾ? ತಪ್ಪಾತ್ರಿ" ಎಂದಳು. ಅಚ್ಚ ಕನ್ನಡ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಹುಡುಗಿ. ನಾನು ಆಡಿದ್ದೆಲ್ಲ ಆಕೆಗೆ ತಿಳಿದಿತ್ತು. ಸೂಜಿಯನ್ನು ಟೀಚರ್ ಹಾಕಿದರು. ಅವ್ವ ಮಾತ್ರ ನನಗೆ, "ಕಲಿಯೋ ಹುಡುಗಿ, ಬೈಬ್ಯಾಡವಾ" ಎಂದಳು. ನಾನು ಕ್ಷಮೆ ಕೇಳಲಿಲ್ಲ. ಫೋನ್ ಬಂತು ಎಂದು ಹೊರಗೆ ಹೋದೆ.

ಕಥೆಯನ್ನು ಇಲ್ಲಿಗೆ ಸ್ವಲ್ಪ ನಿಲ್ಲಿಸುತ್ತೇನೆ. ಮುಂದಿನದ್ದು ಅರ್ಥವಾಗಬೇಕಾದರೆ, ಆ ಹುಡುಗಿ ಕಾಲೇಜಿನಲ್ಲಿ ಏನನ್ನು ಕಲಿಯುತ್ತಿದ್ದಳು ಎಂಬುದನ್ನು ನೋಡಬೇಕು.

ನರ್ಸಿಂಗ್ ವಿದ್ಯಾರ್ಥಿಗಳು ಕಲಿಯುವ ಕೈಕೆಲಸಗಳನ್ನು ಕ್ಲಿನಿಕಲ್ ಕೌಶಲಗಳು ಎನ್ನುತ್ತಾರೆ. ಬಿಪಿ, ನಾಡಿ, ಉಸಿರಾಟ ನೋಡುವುದು, ಇಂಜೆಕ್ಷನ್ ಕೊಡುವುದು, ಕ್ಯಾನುಲಾ ಹಾಕುವುದು, ಗಾಯಕ್ಕೆ ಡ್ರೆಸಿಂಗ್ ಮಾಡುವುದು, ಮೂಗಿನ ನಳಿಕೆಯಿಂದ ಆಹಾರ ಕೊಡುವುದು, ಹಾಸಿಗೆ ಹಿಡಿದವರನ್ನು ಮಗ್ಗುಲಾಗಿಸಿ ಮೈ ಒರೆಸುವುದು. ಪ್ರತಿಯೊಂದಕ್ಕೂ ಹಂತಗಳಿವೆ. ಔಷಧ ಕೊಡುವಾಗ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಐದನ್ನಾದರೂ ನೋಡಿಕೊಳ್ಳಲೇಬೇಕು.

ಇವನ್ನು ಪರೀಕ್ಷಿಸುವ ಒಂದು ಕ್ರಮಕ್ಕೆ ಓಸ್ಕಿ ಎನ್ನುತ್ತಾರೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಇದನ್ನು ಮುಂದಿಟ್ಟರು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬೇಕು. ಪ್ರತಿ ಮೇಜಿನಲ್ಲಿ ಒಂದು ಕೆಲಸ, ಇಷ್ಟು ನಿಮಿಷ ಎಂದು ಗೊತ್ತಾದ ಸಮಯ. ಪರೀಕ್ಷಕರ ಕೈಯಲ್ಲಿ ಒಂದು ಪಟ್ಟಿ. ನಮ್ಮ ದೇಶದ ನರ್ಸಿಂಗ್ ಕಾಲೇಜುಗಳಲ್ಲೂ ಈಗ ಇದು ಬಳಕೆಯಲ್ಲಿದೆ. ಭಾರತೀಯ ಶುಶ್ರೂಷಾ ಪರಿಷತ್ತು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿ 2021-22ರಿಂದ ಸೆಮಿಸ್ಟರ್ ಪದ್ಧತಿಗೆ ತಂದಾಗ, ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಶನ್ ಲ್ಯಾಬಿಗೂ ಜಾಗ ಕೊಟ್ಟಿತು. ಇದು ಒಳ್ಳೆಯದೇ. ಮೊದಲ ಚುಚ್ಚು ಮನುಷ್ಯರಿಗಿಂತ ಬೊಂಬೆಗೆ ಬೀಳುವುದು ಎಲ್ಲರಿಗೂ ಕ್ಷೇಮ.

ನನ್ನ ಚಿಕ್ಕಪ್ಪನ ಮಗಳು ಬೆಳಗಾವಿಯಲ್ಲಿ ನರ್ಸಿಂಗ್ ಪಾಠ ಹೇಳುತ್ತಾಳೆ. ಅವಳು ಒಂದು ತಮಾಷೆಯ ಸಂಗತಿ ಹೇಳಿದಳು. ಪರೀಕ್ಷೆಯ ಪಟ್ಟಿಯಲ್ಲಿ "ರೋಗಿಗೆ ತನ್ನ ಪರಿಚಯ ಹೇಳಿ, ಮಾಡಲಿರುವ ಕೆಲಸವನ್ನು ವಿವರಿಸಿ ಒಪ್ಪಿಗೆ ಪಡೆಯುವುದು" ಎಂಬುದಕ್ಕೂ ಒಂದು ಅಂಕ ಇರುತ್ತದಂತೆ. ಆ ಒಂದು ಅಂಕಕ್ಕಾಗಿ ಮಕ್ಕಳು ಬೊಂಬೆಯ ಮುಂದೆ ಗಿಳಿಪಾಠದ ಹಾಗೆ ಉಸಿರು ಬಿಡದೆ ಒಪ್ಪಿಸುತ್ತಾರಂತೆ. "ಅಂಕ ಕೊಡಲೇಬೇಕು, ಆದರೆ ಹಾಗೆ ಮಾತಾಡಿದರೆ ಜೀವ ಇರುವ ರೋಗಿ ಇನ್ನಷ್ಟು ಹೆದರುತ್ತಾನೆ" ಎಂದು ಅವಳು ನಕ್ಕಳು. ನನ್ನ ಇವತ್ತಿನ ವಿಷಯ ಇರುವುದೇ ಆ ನಗೆಯಲ್ಲಿ.

ಭಾವನಾತ್ಮಕ ಬುದ್ಧಿಮತ್ತೆ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಮ್ಮ ಆಫೀಸುಗಳಲ್ಲಂತೂ ವರ್ಷಕ್ಕೊಮ್ಮೆ ಇದರ ಮೇಲೆ ತರಬೇತಿ ಇರುತ್ತದೆ. ಪೀಟರ್ ಸಾಲೊವೇ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1990ರಲ್ಲಿ ಈ ಹೆಸರಿನಲ್ಲಿ ಒಂದು ಲೇಖನ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಬಂದ ಮೇಲೆ ಅದು ಮನೆಮಾತಾಯಿತು. ಸಾಲೊವೇ ಮತ್ತು ಮೇಯರ್ ಇದನ್ನು ಮುಂದೆ ನಾಲ್ಕು ಸಾಮರ್ಥ್ಯಗಳಾಗಿ ಬಿಡಿಸಿ ಹೇಳಿದರು. ಮೊದಲನೆಯದು, ತನ್ನ ಮತ್ತು ಎದುರಿನವರ ಭಾವನೆಯನ್ನು ಗುರುತಿಸುವುದು. ಎರಡನೆಯದು, ಆ ಭಾವನೆಯನ್ನು ಯೋಚನೆಗೆ ನೆರವಾಗಿ ಬಳಸುವುದು. ಮೂರನೆಯದು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು. ನಾಲ್ಕನೆಯದು, ಅದನ್ನು ನಿಭಾಯಿಸುವುದು.

ಇದು ಪುಸ್ತಕದ ಮಾತಾಯಿತು. ವಾರ್ಡಿಗೆ ಬನ್ನಿ. ಕ್ಯಾನುಲಾ ಹಾಕುವುದನ್ನೇ ತೆಗೆದುಕೊಳ್ಳೋಣ. ಮನುಷ್ಯ ಹೆದರಿದಾಗ, ಚಳಿಯಾದಾಗ ಚರ್ಮದ ಹತ್ತಿರದ ರಕ್ತನಾಳಗಳು ಸಂಕುಚಿತವಾಗುತ್ತವೆ. ಹೆದರಿ ಕೈ ಬಿಗಿಹಿಡಿದ ರೋಗಿಯಲ್ಲಿ ನಾಳ ಸಿಗುವುದು ಕಷ್ಟ. ಅಂದರೆ, ರೋಗಿಯನ್ನು ಮಾತಾಡಿಸಿ ಸಮಾಧಾನ ಮಾಡುವುದು, ಕೈಯನ್ನು ಸ್ವಲ್ಪ ಬೆಚ್ಚಗೆ ಮಾಡುವುದು ಬರೀ ಸೌಜನ್ಯವಲ್ಲ, ಸೂಜಿ ಹಾಕುವ ಕೆಲಸದ ಒಂದು ಹಂತವೇ. ಬಿಪಿ ನೋಡುವುದೂ ಹಾಗೆಯೇ. ರೋಗಿ ಗಾಬರಿಯಲ್ಲಿದ್ದರೆ, ಪಟ್ಟಿ ಬಿಗಿದಾಗ ಮಾತಾಡುತ್ತಿದ್ದರೆ ಅಂಕಿ ಏರುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ನೋಡುವವಳಿಗೆ ನಿಜವಾದ ಅಂಕಿ ಸಿಗುತ್ತದೆ. ಅವಸರದವಳಿಗೆ ಗಾಬರಿಯ ಅಂಕಿ ಸಿಗುತ್ತದೆ.

ನೋವಿನ ವಿಷಯ ಇನ್ನೂ ಸೂಕ್ಷ್ಮ. ನೋವನ್ನು ಅಳೆಯುವ ಯಂತ್ರವಿಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುತ್ತಾರೆ. ನಮ್ಮ ತಾಯಂದಿರು ಎಂದಾದರೂ ಇದಕ್ಕೆ ನೆಟ್ಟಗೆ ಉತ್ತರ ಕೊಟ್ಟಿದ್ದಾರೆಯೇ? "ಏನಿಲ್ಲ, ಪರವಾಗಿಲ್ಲ" ಎನ್ನುತ್ತಾರೆ. ಆದರೆ ಉರಿ ಬೇರೆ, ಸೆಳೆತ ಬೇರೆ, ಸಿಡಿತ ಬೇರೆ, ಹಿಂಡಿದ ಹಾಗಾಗುವುದು ಬೇರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಎದೆ ಉರಿಯುತ್ತದೆ ಎಂಬುದಕ್ಕೂ ಎದೆ ಹಿಂಡಿದಂತಾಗುತ್ತದೆ ಎಂಬುದಕ್ಕೂ ಎಷ್ಟು ಅಂತರ! ಇನ್ನು "ಸಂಕಟ" ಎಂಬ ಒಂದೇ ಮಾತಿನಲ್ಲಿ ವಾಕರಿಕೆ, ತಳಮಳ, ಹೇಳಲಾಗದ ಕಸಿವಿಸಿ ಎಲ್ಲ ಸೇರಿರುತ್ತದೆ. ಇದನ್ನು ಹಿಂದಿಗೆ ತಿರುಗಿಸಿ ಚಾರ್ಟಿನಲ್ಲಿ ಬರೆಯುವಾಗ ಎಷ್ಟು ಸೋರಿಹೋಗುತ್ತದೋ! ಮಾತು ಪೂರ್ತಿ ತಿಳಿಯದ ಊರಿನಲ್ಲಿ ನರ್ಸಿಗೆ ಮುಖ, ಕೈ, ಉಸಿರು ಇವೇ ಭಾಷೆ.

ಇದರ ಜೊತೆಗೆ ವಿದ್ಯಾರ್ಥಿನಿಯ ಸ್ವಂತ ಮನಸ್ಸೂ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಂಪ್ಯೂಟರಿನ ಮೆಮೊರಿಯನ್ನು ಹಿಂದೆ ಓಡುತ್ತಿರುವ ಯಾವುದೋ ಪ್ರೋಗ್ರಾಂ ತಿಂದುಹಾಕಿದರೆ ಮುಂದಿನ ಕೆಲಸ ನಿಧಾನವಾಗುತ್ತದೆ. ಟೀಚರ್ ಏನೆನ್ನುತ್ತಾರೋ, ರೋಗಿಯ ಮಗಳು ಏನೆನ್ನುತ್ತಾಳೋ ಎಂಬ ಭಯ ತುಂಬಿಕೊಂಡ ತಲೆಯಲ್ಲಿ ಹನ್ನೆರಡು ಹಂತಗಳಿಗೆ ಜಾಗ ಎಲ್ಲಿ? ಹಂತ ಗೊತ್ತಿಲ್ಲವೆಂದಲ್ಲ, ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ತನಗೆ ಈಗ ಭಯವಾಗಿದೆ ಎಂದು ಗುರುತಿಸಿ, ಒಂದು ಉಸಿರು ತೆಗೆದುಕೊಂಡು, "ಮೇಡಂ, ಇದನ್ನು ನೀವು ಹಾಕಿ, ನಾನು ನೋಡುತ್ತೇನೆ" ಎನ್ನಬಲ್ಲ ವಿದ್ಯಾರ್ಥಿನಿ ಸೋತವಳಲ್ಲ. ರೋಗಿಯನ್ನು ಕಾಪಾಡಿದವಳು.

ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ನರ್ಸಿಂಗ್ ವಿದ್ವಾಂಸರು 1984ರಲ್ಲಿ ಬರೆದ ಪುಸ್ತಕವೊಂದಿದೆ. ನರ್ಸ್ ಹೊಸಬಳಾಗಿ ಶುರುಮಾಡಿ ಪರಿಣತಳಾಗುವವರೆಗಿನ ಐದು ಹಂತಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಹೊಸಬಳು ನಿಯಮವನ್ನು ಹಿಡಿದು ನಡೆಯುತ್ತಾಳೆ. ನಾಲ್ಕು ಗಂಟೆಗೊಮ್ಮೆ ನಾಡಿ ನೋಡು ಎಂದರೆ ನಾಲ್ಕು ಗಂಟೆಗೊಮ್ಮೆ ನೋಡುತ್ತಾಳೆ. ಪರಿಣತೆ ಬಾಗಿಲಲ್ಲಿ ನಿಂತೇ ರೋಗಿಯಲ್ಲಿ ಏನೋ ಬದಲಾಗಿದೆ ಎಂದು ಗ್ರಹಿಸುತ್ತಾಳೆ. ನಮ್ಮ ಅಡುಗೆಯ ಹಾಗೆ. ಮೊದಮೊದಲು ಚಮಚ ಅಳೆದು ಉಪ್ಪು ಹಾಕುತ್ತೇವೆ, ಆಮೇಲೆ ಕುದಿಯುವ ಸಾರಿನ ವಾಸನೆಯಲ್ಲೇ ತಿಳಿಯುತ್ತದೆ. ಆದರೆ ಆ ಗ್ರಹಿಕೆ ಬರಬೇಕಾದರೆ ರೋಗಿಯ ಹತ್ತಿರ ನಿಲ್ಲುವ ಧೈರ್ಯ ಇರಬೇಕು. ಹೆದರಿ ದೂರ ಸರಿದವಳಿಗೆ ಅದು ಬರುವುದಿಲ್ಲ.

ಈಗ ನನ್ನ ಕಥೆಗೆ ಮರಳುತ್ತೇನೆ.

ಅದೇ ದಿನ ಸಂಜೆ. ನಾಲ್ಕು ಗಂಟೆಗೆ ಅವ್ವನ ನಾಡಿ, ಬಿಪಿ ನೋಡಿ ಚಾರ್ಟಿನಲ್ಲಿ ಬರೆದಿದ್ದರು, ಎಲ್ಲ ಸರಿಯಿತ್ತು. ಮುಂದಿನದು ಎಂಟಕ್ಕೆ. ಆರು ಗಂಟೆಯ ಹೊತ್ತಿಗೆ ನಾನು ಲ್ಯಾಪ್‌ಟಾಪ್ ತೆರೆದು ಆಫೀಸಿನ ಮೀಟಿಂಗಿನಲ್ಲಿದ್ದೆ. ಕಿವಿಯಲ್ಲಿ ಹೆಡ್‌ಫೋನ್. ನಡುವೆ ಒಮ್ಮೆ ಅವ್ವನನ್ನು ಕೇಳಿದ್ದೆ. "ಏನಿಲ್ಲವಾ, ಸ್ವಲ್ಪ ಸಂಕಟ ಆಗಾಕತ್ತೈತಿ ಅಷ್ಟ" ಎಂದಿದ್ದಳು. ನಾನು ತಲೆಯಾಡಿಸಿ ಸ್ಕ್ರೀನ್ ಕಡೆ ತಿರುಗಿದ್ದೆ.

ಆ ಹುಡುಗಿ ಬಂದು ಮಂಚದ ಕಾಲುಗಡೆ ನಿಂತಳು. ನನ್ನನ್ನು ನೋಡಿ ಸ್ವಲ್ಪ ಹಿಂಜರಿದಳು. ಆಮೇಲೆ ಮೆಲ್ಲಗೆ, "ಅಕ್ಕಾ, ಅವ್ವಾರಿಗಿ ಏನೋ ಸರಿ ಇಲ್ಲ ಅನಸ್ಲತ್ತದ. ನಾ ಒಮ್ಮಿ ನಾಡಿ ನೋಡ್ಲಾ?" ಎಂದಳು. ನಾಡಿ ನೂರಾ ಇಪ್ಪತ್ತನ್ನು ದಾಟಿತ್ತು. ಉಸಿರು ನಿಮಿಷಕ್ಕೆ ಇಪ್ಪತ್ತೆಂಟು. ಅವ್ವನ ಬೆರಳುಗಳು ಹೊದಿಕೆಯ ಅಂಚನ್ನು ಹಿಂಡುತ್ತಲೇ ಇದ್ದವು. ಪಕ್ಕದಲ್ಲೇ ಕುಳಿತ ನಾನು ಅದನ್ನು ಕಂಡಿರಲಿಲ್ಲ. ಹುಡುಗಿ ಓಡಿ ಇನ್‌ಚಾರ್ಜ್ ಸಿಸ್ಟರನ್ನು ಕರೆದಳು, ಅವರು ಡಾಕ್ಟರಿಗೆ ಫೋನ್ ಮಾಡಿದರು. ಸೋಂಕು ರಕ್ತಕ್ಕೆ ಹಬ್ಬತೊಡಗಿತ್ತು. ಇಂಥ ಹೊತ್ತಿನಲ್ಲಿ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಔಷಧ ಬದಲಾಯಿತು. ಅವ್ವ ಎರಡು ದಿನ ಐಸಿಯುನಲ್ಲಿದ್ದು ಚೇತರಿಸಿಕೊಂಡಳು. ಈಗ ಗದಗಿನಲ್ಲಿ ಆರಾಮಾಗಿದ್ದಾಳೆ.

ಡಿಸ್ಚಾರ್ಜ್ ದಿನ ನಾನು ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಕ್ಷಮೆ ಕೇಳಿದೆ. ಅವಳು ಮುಜುಗರಪಟ್ಟು ನಕ್ಕಳು. ಆಮೇಲೆ ಅವಳಾಗಿಯೇ ಒಂದು ಮಾತು ಹೇಳಿದಳು. ಆ ಸಂಜೆ ಕಾರಿಡಾರಿನಲ್ಲಿ ಹೋಗುವಾಗಲೇ ಅವ್ವನ ಮುಖ ಕಂಡು ಏನೋ ಸರಿಯಿಲ್ಲ ಅನಿಸಿತ್ತಂತೆ. ಆದರೆ ಒಳಗೆ ಬರಲು ಅಂಜಿಕೆಯಾಗಿ ಹತ್ತು ನಿಮಿಷ ಹೊರಗೇ ನಿಂತಿದ್ದಳಂತೆ. "ಮತ್ತ ಏನಾರ ತಪ್ಪಾದ್ರ, ನೀವು ಏನ್ ಅಂತೀರೋ ಅಂತ" ಎಂದಳು.

ಗೆಳತಿಯರೇ, ಆ ಹತ್ತು ನಿಮಿಷ ನನ್ನದು. ಬೆಳಿಗ್ಗೆ ನಾನು ಆಡಿದ ಮಾತು ಸಂಜೆ ನನ್ನ ತಾಯಿಯ ಬಾಗಿಲಲ್ಲೇ ಅಡ್ಡ ನಿಂತಿತ್ತು. ಅವಳ ಕೈಗೆ ಇನ್ನೂ ಪಳಗಬೇಕಿತ್ತು, ನಿಜ. ಆದರೆ ನೋಡುವ ಕಣ್ಣು ಅವಳಿಗೆ ಆಗಲೇ ಇತ್ತು. ಆ ಕಣ್ಣು ಕಂಡದ್ದನ್ನು ಬಾಯಿ ಹೇಳದಂತೆ ಮಾಡಿದವಳು ನಾನು. ಹತ್ತು ನಿಮಿಷದ ಜಾಗದಲ್ಲಿ ಎರಡು ಗಂಟೆ ಆಗಿದ್ದರೆ? ಎಂಟು ಗಂಟೆಯ ಚಾರ್ಟಿನವರೆಗೆ ಅವಳು ಕಾದಿದ್ದರೆ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಮೇಲೆ ನಾನು ಓದತೊಡಗಿದೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಆಕೆ ನಿರೀಕ್ಷಿಸಿದ್ದರು. ಅಂಕಿಗಳು ತಿರುಗುಮುರುಗಾಗಿದ್ದವು. ಮುಖ್ಯ ನರ್ಸಿನ ಜೊತೆ ಹೊಂದಾಣಿಕೆ ಚೆನ್ನಾಗಿದ್ದ ವಾರ್ಡುಗಳಲ್ಲೇ ಹೆಚ್ಚು ತಪ್ಪು ಕಂಡುಬಂದಿದ್ದವು. ಬಿಡಿಸಿ ನೋಡಿದಾಗ, ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎನ್ನುವುದಕ್ಕಿಂತ ಆದ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಎಂಬುದು ತಿಳಿಯಿತು. ಬೈಗುಳದ ಭಯವಿದ್ದ ಕಡೆ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇದು ಎಲ್ಲರಿಗೂ ಗೊತ್ತು. ರಾತ್ರಿ ಸರ್ವರ್ ಬಿದ್ದರೆ ಮರುದಿನದ ಸಭೆಯಲ್ಲಿ "ಯಾರು ಮಾಡಿದ್ದು" ಎಂದು ಕೇಳಬಾರದು, "ಹೇಗಾಯಿತು" ಎಂದು ಕೇಳಬೇಕು ಎಂಬುದು ನಮ್ಮ ನಿಯಮ. ಒಂದು ವೆಬ್‌ಸೈಟಿಗೆ ಕೊಡುವ ಈ ಸೌಲಭ್ಯವನ್ನು ನಾನು ಒಬ್ಬ ಇಪ್ಪತ್ತು ವರ್ಷದ ಹುಡುಗಿಗೆ ಕೊಡಲಿಲ್ಲ.

ಇನ್ನೊಂದು ಹಳೆಯ ಅಧ್ಯಯನ ಇದೆ. ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ದಾದಿಯರನ್ನು ಕುರಿತು 1960ರ ಹೊತ್ತಿಗೆ ಬರೆದದ್ದು. ಅಲ್ಲಿ ಸುಮಾರು ಮೂರರಲ್ಲೊಂದು ಪಾಲು ವಿದ್ಯಾರ್ಥಿನಿಯರು ತರಬೇತಿ ಮುಗಿಸದೆ ಬಿಟ್ಟುಹೋಗುತ್ತಿದ್ದರು. ಕಾರಣ ಹುಡುಕಿದಾಗ ಆಕೆಗೆ ಕಂಡದ್ದು ಇದು: ನೋವು, ಸಾವು, ಪರರ ದೇಹವನ್ನು ದಿನವೂ ಮುಟ್ಟುವ ಕೆಲಸ ಹುಟ್ಟಿಸುವ ಆತಂಕವನ್ನು ತಡೆಯಲು ಆಸ್ಪತ್ರೆ ತನ್ನದೇ ಗೋಡೆಗಳನ್ನು ಕಟ್ಟಿಕೊಂಡಿತ್ತು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ನಂಬರಿನಿಂದ, ಕಾಯಿಲೆಯಿಂದ ಕರೆಯುವುದು. ಒಬ್ಬ ರೋಗಿಯ ಆರೈಕೆಯನ್ನು ತುಂಡುತುಂಡು ಮಾಡಿ ಹಲವರಿಗೆ ಹಂಚುವುದು, ಯಾರಿಗೂ ಯಾರ ಮೇಲೂ ಮಮತೆ ಬೆಳೆಯದ ಹಾಗೆ. ಆದರೆ ಈ ಗೋಡೆಗಳಿಂದ ಆತಂಕ ಕಡಿಮೆಯಾಗಲಿಲ್ಲ. ಕೆಲಸದಲ್ಲಿ ಸಿಗಬೇಕಾದ ತೃಪ್ತಿಯೂ ಕೈತಪ್ಪಿತು. ಅರವತ್ತು ವರ್ಷಗಳ ಮೇಲೂ ನಮ್ಮ ವಾರ್ಡುಗಳಲ್ಲಿ "ಆರನೇ ಬೆಡ್ಡಿನ ಅಪೆಂಡಿಕ್ಸ್" ಎಂಬ ಮಾತು ಕೇಳಿದಾಗ ನನಗೆ ಆಕೆಯ ನೆನಪಾಗುತ್ತದೆ.

ನನ್ನ ತಂಗಿಯನ್ನು ಕೇಳಿದೆ, ನಿನ್ನ ವಿದ್ಯಾರ್ಥಿನಿಯರಿಗೆ ಅತಿ ಕಷ್ಟದ ದಿನ ಯಾವುದು ಎಂದು. ಮೊದಲ ಸಾವು ಎಂದಳು. ತೀರಿಕೊಂಡವರ ದೇಹವನ್ನು ಒರೆಸಿ, ಕಣ್ಣು ಮುಚ್ಚಿಸಿ, ಬಟ್ಟೆ ಸರಿಮಾಡಿ ಮನೆಯವರಿಗೆ ಒಪ್ಪಿಸುವುದನ್ನೂ ಪಾಠದಲ್ಲಿ ಹಂತಹಂತವಾಗಿ ಕಲಿಸುತ್ತಾರೆ. ನಿನ್ನೆ ತಾನೇ ಗಂಜಿ ಕುಡಿಸಿದ ಕೈಯೇ ಇವತ್ತು ಆ ಹಂತಗಳನ್ನು ಮಾಡುವಾಗ ಒಳಗೆ ಏನಾಗುತ್ತದೆ ಎಂಬುದಕ್ಕೆ ಪಟ್ಟಿಯಲ್ಲಿ ಸಾಲು ಇಲ್ಲ. ಅದಕ್ಕೇ ಅವಳೊಂದು ಪದ್ಧತಿ ಇಟ್ಟುಕೊಂಡಿದ್ದಾಳೆ. ಅಂಥ ದಿನ ಡ್ಯೂಟಿ ಮುಗಿದ ಮೇಲೆ ಆ ಹುಡುಗಿಯರನ್ನು ಕ್ಯಾಂಟೀನಿಗೆ ಕರೆದೊಯ್ದು ಚಹಾ ಕೊಡಿಸುತ್ತಾಳೆ. ಏನಾಯಿತು, ಏನನಿಸಿತು, ಮುಂದಿನ ಸಲ ಏನು ಮಾಡುತ್ತೀರಿ ಎಂದು ಕೇಳುತ್ತಾಳೆ. ಅಳುವವರು ಅಳುತ್ತಾರೆ. ಮರುದಿನ ಡ್ಯೂಟಿಗೆ ಬರುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಭಾವನಾತ್ಮಕ ಬುದ್ಧಿಮತ್ತೆ ಹೆಚ್ಚಿದ್ದರೆ ಕ್ಲಿನಿಕಲ್ ಕೌಶಲವೂ ಹೆಚ್ಚುತ್ತದೆ ಎನ್ನುವ ಅಧ್ಯಯನಗಳು ಅನೇಕ ಇವೆ. ಅವುಗಳಲ್ಲಿ ಹಲವು ವಿದ್ಯಾರ್ಥಿಗಳೇ ತಮ್ಮ ಬಗ್ಗೆ ತುಂಬಿದ ಪ್ರಶ್ನಾವಳಿಯ ಮೇಲೆ ನಿಂತಿವೆ. "ನಾನು ಪರರ ಭಾವನೆ ಅರಿಯಬಲ್ಲೆ" ಎಂಬುದಕ್ಕೆ ಐದಕ್ಕೆ ಐದು ಹಾಕಿಕೊಳ್ಳುವುದು ಸುಲಭ. ನನ್ನನ್ನು ಕೇಳಿದ್ದರೆ ಅವತ್ತು ನಾನೂ ಹಾಕಿಕೊಳ್ಳುತ್ತಿದ್ದೆ! ಎರಡು ಸಂಗತಿ ಒಟ್ಟಿಗೆ ಕಂಡವು ಎಂದರೆ ಒಂದರಿಂದ ಇನ್ನೊಂದು ಆಯಿತು ಎಂದೂ ಅಲ್ಲ. ಹಾಗಾಗಿ ಇದನ್ನು ಅಂಕಿಯಾಗಿ ಅಳೆದು ಹುಡುಗಿಯರನ್ನು ಸೋಸುವುದಕ್ಕಿಂತ, ಕಲಿಸಬಹುದಾದ ಅಭ್ಯಾಸವಾಗಿ ನೋಡುವುದು ಒಳ್ಳೆಯದು.

ಎರಡನೆಯದು ಹೆಣ್ಣುಮಕ್ಕಳಾದ ನಮಗೆ ಮುಖ್ಯ. ಭಾವನೆ ನಿಭಾಯಿಸುವುದು ಎಂದರೆ ಎಲ್ಲವನ್ನೂ ನುಂಗಿ ನಗುತ್ತಿರುವುದು ಎಂದು ಯಾರೂ ತಿಳಿಯಬಾರದು. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಗಗನಸಖಿಯರ ಬಗ್ಗೆ ಬರೆಯುತ್ತಾ, ನಗುವೂ ಒಂದು ದುಡಿಮೆ, ಅದೂ ದಣಿಸುತ್ತದೆ ಎಂದು ತೋರಿಸಿಕೊಟ್ಟರು. ರೋಗಿಯ ಕಡೆಯವರು ಕೈ ಎತ್ತಿದರೆ, ಮೈ ಮುಟ್ಟಿದರೆ, ಹಗಲು ರಾತ್ರಿ ಎರಡು ಪಾಳಿ ಸೇರಿಸಿ ದುಡಿಸಿದರೆ ಅದಕ್ಕೆ ಉತ್ತರ ಹುಡುಗಿಯ ತಾಳ್ಮೆಯಲ್ಲ. ಅಲ್ಲಿ ಬೇಕಾದದ್ದು ನಿಯಮ, ರಕ್ಷಣೆ, ಸಾಕಷ್ಟು ಜನ. ತನಗೆ ಆಗುತ್ತಿರುವುದು ಅನ್ಯಾಯ ಎಂದು ಗುರುತಿಸಿ ಹೇಳುವುದೂ ಭಾವನಾತ್ಮಕ ಬುದ್ಧಿಮತ್ತೆಯೇ.

ರೋಗಿಯ ಮುಂದೆ ಸುಳ್ಳು ನಗೆ ಬೇಡವೆಂಬುದನ್ನು ನೈಟಿಂಗೇಲ್ ಆಗಲೇ ಬರೆದಿದ್ದಾರೆ. 1859ರಲ್ಲಿ ಅಚ್ಚಾದ ಅವರ ಶುಶ್ರೂಷೆಯ ಕೈಪಿಡಿಯಲ್ಲಿ, ರೋಗಿಗೆ ಹುರುಳಿಲ್ಲದ ಭರವಸೆ ಕೊಡುವವರ, ಬೇಡದ ಬುದ್ಧಿವಾದ ಹೇಳುವವರ ಮೇಲೆ ಒಂದು ಅಧ್ಯಾಯವೇ ಇದೆ. "ಏನಾಗಲ್ಲ ಬಿಡಿ, ಧೈರ್ಯವಾಗಿರಿ" ಎಂದು ಹೇಳಿ ಕಿತ್ತಳೆ ಹಣ್ಣಿಟ್ಟು ಹೋಗುವ ನಾವೆಲ್ಲ ಅದನ್ನು ಒಮ್ಮೆ ಓದಬೇಕು.

ಹಾಗಾದರೆ ಏನು ಮಾಡಬಹುದು? ಹಿಂದಿನ ಸಾಲಿನ ಹುಡುಗಿಯರೇ, ನಿಮಗೆ ಮೊದಲು. ಡ್ಯೂಟಿ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಇವತ್ತು ಏನು ಕಂಡೆ, ಏನನಿಸಿತು, ಏನು ಮಾಡಿದೆ, ನಾಳೆ ಏನು ಮಾಡುತ್ತೇನೆ. ರೋಗಿಯ ಹೆಸರು ಬರೆಯಬೇಡಿ. ಭಯವಾದರೆ ಭಯವಾಯಿತು ಎಂದೇ ಬರೆಯಿರಿ. ವಾರ್ಡಿನಲ್ಲಿ ಏನಾದರೂ ಸರಿಯಿಲ್ಲ ಅನಿಸಿದರೆ, ಚಾರ್ಟಿನ ಹೊತ್ತು ಆಗದಿದ್ದರೂ ಒಮ್ಮೆ ನಾಡಿ ನೋಡಿ, ಮೇಲಿನವರಿಗೆ ಹೇಳಿ. ಹತ್ತು ಸಲ ಹೇಳಿ ಒಂಬತ್ತು ಸಲ ಏನೂ ಇಲ್ಲದಿದ್ದರೂ ಪರವಾಗಿಲ್ಲ.

ಪಾಠ ಹೇಳುವವರು ಇಲ್ಲಿ ಇಬ್ಬರಿದ್ದಾರೆ. ಅವರಲ್ಲಿ ನನ್ನ ವಿನಂತಿ ಒಂದೇ. ಸಿಮ್ಯುಲೇಶನ್ ಮುಗಿದ ಮೇಲಿನ ಚರ್ಚೆಯಲ್ಲಿ ಕೈ ಎಲ್ಲಿ ತಪ್ಪಿತು ಎಂಬುದರ ಜೊತೆಗೆ ಆ ಹೊತ್ತಿನಲ್ಲಿ ಏನನಿಸಿತು ಎಂಬುದನ್ನೂ ಕೇಳಿ. ಬೊಂಬೆಯ ಜಾಗದಲ್ಲಿ ಆಗಾಗ ಮಾತಾಡುವ ಮನುಷ್ಯರನ್ನು ಕೂರಿಸಿ, ಹೆದರಿದ ಅಜ್ಜಿಯಂತೆ, ಸಿಟ್ಟಿಗೆದ್ದ ಮಗಳಂತೆ. ಸಿಟ್ಟಿನ ಮಗಳ ಪಾತ್ರಕ್ಕೆ ಬೇಕಾದರೆ ನಾನೇ ಬರುತ್ತೇನೆ, ಅನುಭವ ಇದೆ.

ಕೊನೆಯದು ನಮಗೆ, ರೋಗಿಯ ಪಕ್ಕದ ಸ್ಟೂಲಿನಲ್ಲಿ ಕೂರುವವರಿಗೆ. ಕಲಿಯುವ ಹುಡುಗಿ ಬಂದಾಗ ಮೊದಲು ಹೆಸರು ಕೇಳೋಣ. ನಮ್ಮ ತಾಯಿ ನೋವನ್ನು ಹೇಗೆ ಹೇಳುತ್ತಾಳೆ, "ಏನಿಲ್ಲ" ಎಂದರೆ ಅವಳ ಪಾಲಿಗೆ ಏನರ್ಥ ಎಂಬುದನ್ನು ಹೇಳಿಕೊಡೋಣ. ಎರಡನೇ ಸಲ ಸೂಜಿ ತಪ್ಪಿದರೆ ಬೇರೆಯವರು ಹಾಕಲಿ ಎಂದು ಕೇಳುವ ಹಕ್ಕು ನಮಗಿದೆ. ಅದನ್ನು ಅವಮಾನ ಮಾಡದೆಯೂ ಕೇಳಬಹುದು. "ಏನಾದರೂ ಬದಲಾವಣೆ ಕಂಡರೆ ನನಗೆ ಹೇಳಮ್ಮಾ" ಎಂಬ ಒಂದು ಮಾತು ಸಾಕು, ಆ ಹುಡುಗಿಗೆ ಬಾಗಿಲು ತೆರೆದಂತೆ.

ಅಕ್ಕಲಕೋಟೆಯ ಆ ಹುಡುಗಿ ಓದು ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಅವ್ವ ತಪಾಸಣೆಗೆ ಬಂದಾಗ ನಮ್ಮ ಮನೆಗೆ ಬಂದಿದ್ದಳು. ಅವ್ವ ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಹೊರಡುವ ಮುನ್ನ ರಕ್ತ ಪರೀಕ್ಷೆಗೆಂದು ಅವ್ವನ ಕೈಯಿಂದ ರಕ್ತ ತೆಗೆದಳು. ಮೊದಲು ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಊರಿನ ಮಾತು ತೆಗೆದಳು. ಗದಗಿನ ಮಳೆ ಬೆಳೆ ಕೇಳಿದಳು. ಅವ್ವ ಹೇಳುತ್ತಲೇ ಇದ್ದಳು, ಸೂಜಿ ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ. ನಾನು ಈ ಸಲ ಮುಖ ತಿರುಗಿಸದೆ ನೋಡಿದೆ.

 ಹಿಂದಿನ ಸಾಲಿನ ಎಲ್ಲ ಸಿಸ್ಟರುಗಳಿಗೆ ದಾದಿಯರ ದಿನದ ಶುಭಾಶಯಗಳು.